ತೊಟ್ಟಿಲಿನ ಗುಂಡುಕಲ್ಲು

ನನ್ನ ಮೊದಲಿನ ಎರಡು ಮಕ್ಕಳೂ ಎರಡು ತಿಂಗಳು ತುಂಬುವ ಮೊದಲೇ ಹೋದವು. ಹಾಗಾಗಿ ಮೂರನೆಯದನ್ನು ತೊಟ್ಟಿಲಿಗೆ ಹಾಕುವಾಗ ನನಗೆ ಸಂಭ್ರಮ ಗಿಂಭ್ರಮ ಏನೂ ಇರಲಿಲ್ಲ, ಬರೀ ಹೆದರಿಕೆ. ೧೯೫೬ರ ಮಾತು. ತ್ರಿಪ್ಲಿಕೇನಿನಲ್ಲಿ ನಮ್ಮ ಯಜಮಾನರ ಹೋಟೆಲು, ಅದರ ಹಿಂದೆಯೇ ನಮ್ಮ ಮನೆ.

ನಮ್ಮಲ್ಲಿ ಮಗುವಿಗಿಂತ ಮೊದಲು ಒರಳಿನ ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸುತ್ತಾರೆ. ಮಗು ಕಲ್ಲಿನಷ್ಟು ಗಟ್ಟಿಯಾಗಲಿ ಎಂದು ಅದಕ್ಕೂ ಬಿಸಿನೀರು, ಕಾಡಿಗೆ, ಕುಲಾವಿ. ಎರಡು ಮಕ್ಕಳನ್ನು ತಿಂದ ಹಳೆಯ ಗುಂಡನ್ನು ಮುಟ್ಟುವುದಿಲ್ಲ ಎಂದು ನಾನು ಹಟ ಹಿಡಿದೆ. ಒರಳು ಕುಟ್ಟಲು ಬರುತ್ತಿದ್ದ ಕಲ್ಲುಕುಟಿಗ ಜ್ಞಾನಮುತ್ತು ಹೊಸದೊಂದನ್ನು ಕಡೆದು ತಂದ. ಪರಂಗಿಮಲೆಯ ಹತ್ತಿರ ಇಗರ್ಜಿ ಕಟ್ಟುವವರು ಬೇಡವೆಂದು ಎಸೆದ ಕಲ್ಲಂತೆ.

"ಎಸೆದ ಕಲ್ಲು ಶುಭಕಾರ್ಯಕ್ಕೆ ಎಂತಕ್ಕೆ?" ಎಂದು ಅತ್ತೆ ಅಂಬುಜಮ್ಮ ಸಿಡುಕಿದರು.

ಜ್ಞಾನಮುತ್ತು ತಮಿಳಿನಲ್ಲಿ ಸಮಾಧಾನವಾಗಿ ಹೇಳಿದ. ಅವರ ಯೇಸುವನ್ನೂ ಜೀವವಿರುವ ಕಲ್ಲು ಎನ್ನುತ್ತಾರಂತೆ. ಕಟ್ಟುವವರು ಬೇಡವೆಂದದ್ದನ್ನೇ ದೇವರು ಆರಿಸಿಕೊಂಡನಂತೆ.

"ನಮ್ಮ ಸಾಲಿಗ್ರಾಮ ಮತ್ತೆ ಬರೀ ಕಲ್ಲಾ?" ಎಂದರು ಅತ್ತೆ. ಅಲ್ಲಿಗೆ ಒಪ್ಪಿದ ಹಾಗಾಯಿತು.

ಶಾಸ್ತ್ರದ ದಿನ ತೊಟ್ಟಿಲಿನಿಂದ ಎತ್ತಿ ಕಲ್ಲನ್ನು ನನ್ನ ಮಡಿಲಿಗಿಟ್ಟರು. ಬಟ್ಟೆಯೊಳಗೆ ಅದು ಬೆಚ್ಚಗಿತ್ತು. ಮಿಂದ ನೀರಿನ ಕಾವು ಎಂದುಕೊಂಡೆ. ಆದರೆ ಎದೆಹಾಲು ತಾನಾಗಿ ಇಳಿದು ರವಿಕೆ ಒದ್ದೆಯಾಯಿತು. ನೆರೆದ ಹೆಂಗಸರು ನಕ್ಕರು. ಅತ್ತೆ ನಗಲಿಲ್ಲ.

ಅದಾದ ಐದನೆಯ ದಿನ ಮಗುವಿಗೆ ಜ್ವರ ಬಂತು. ಮೊದಲಿನವಕ್ಕೂ ಹೀಗೆಯೇ ಸುರುವಾದದ್ದು. ಮಧ್ಯಾಹ್ನ ಬಂದ ಡಾಕ್ಟರು ಸೂಜಿ ಚುಚ್ಚಿ, ನನ್ನ ಮುಖ ನೋಡದೆ ಹೊರಟುಹೋದರು. ನನಗೆ ತಲೆ ಕೆಟ್ಟಂತಾಯಿತು. ಒರಳಿನಿಂದ ಆ ಗುಂಡನ್ನು ತೆಗೆದು, ತೊಳೆದು, ಕುಲಾವಿ ತೊಡಿಸಿ ಮಗುವಿನ ಪಕ್ಕ ಮಲಗಿಸಿದೆ. ಕಣ್ಣು ಮುಚ್ಚಿ ತೊಟ್ಟಿಲು ತೂಗಿದೆ.

ಉಸಿರು ಕೇಳುತ್ತಿತ್ತು. ಒಂದಲ್ಲ, ಎರಡು. ಒಂದು ಏದುಸಿರು, ಇನ್ನೊಂದು ನಿಧಾನ. ಆಮೇಲೆ ಏದುಸಿರು ಒಂದರಿಂದ ಇನ್ನೊಂದಕ್ಕೆ ಹೋದಂತಾಯಿತು. ಕೊನೆಗೆ ಒಂದೇ ಉಸಿರು ಉಳಿಯಿತು. ಅದು ಯಾರದು ಎಂದು ನೋಡಲು ನನಗೆ ಧೈರ್ಯ ಬರಲಿಲ್ಲ.

ಅತ್ತೆ ಬಂದು ತೊಟ್ಟಿಲೊಳಗೆ ಕೈಹಾಕಿದರು. "ಮಗುವಿಗೆ ಜ್ವರ ಬಿಟ್ಟಿದೆ ಮಾರಾಯ್ತಿ," ಎಂದರು. ನನಗೆ ಬಿಕ್ಕಿ ಬಿಕ್ಕಿ ಅಳು ಬಂತು.

ಮತ್ತೆ ಅವರು ಕಲ್ಲನ್ನು ಮುಟ್ಟಿ ಚಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಅದು ಕೆಂಡದ ಹಾಗೆ ಸುಡುತ್ತಿತ್ತು. ಕುಲಾವಿಯೊಳಗೆ ನೆತ್ತಿಯಿಂದ ಬುಡದವರೆಗೆ ಸೀಳಿಹೋಗಿತ್ತು.

ಅದು ಆರುವವರೆಗೆ ಅತ್ತೆ ಪಕ್ಕದಲ್ಲೇ ಕೂತಿದ್ದರು. ಎರಡು ಹೋಳನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು ಎದ್ದರು.

"ತಲೆಗೆ ನೀರು ಹಾಕ್ಕೋ ವಿಮಲಾ," ಎಂದರು. "ನಮಗೆ ಸೂತಕ ಉಂಟು."