ಯಾರಿಗಿಂತ ಕಡಿಮೆ

ಬಾಗಿಲಿನ ಗಾಜಿನಾಚೆ ಒಂದು ಹನಿ ನೀರು ಬೀಳದೆ ನಿಂತಿತ್ತು. ಪಂಜರದ ಮೇಲೆ ತಲೆಕೆಳಗಾಗಿ ಸಿಕ್ಕಿಸಿದ ಬಾಟಲಿ. ಅದರ ಬಾಯಿಂದ ಇಳಿದ ಸಣ್ಣ ಉಕ್ಕಿನ ನಳಿಗೆ. ನಳಿಗೆಯ ತುದಿಯಲ್ಲಿ, ಬೀಳಲೋ ಬೇಡವೋ ಎಂಬಂತೆ, ಆ ಹನಿ. ಕೆಳಗೆ ಮರದ ಹೊಟ್ಟಿನ ಮೇಲೆ ಹಿಂಗಾಲೂರಿ ಎದ್ದುನಿಂತ ಬಿಳಿ ಇಲಿ. ಮೂಗು ಹನಿಗೆ ಇನ್ನೇನು ತಾಗಬೇಕು, ತಾಗಿರಲಿಲ್ಲ. ತೆಳ್ಳನೆಯ ಕಿವಿಗಳನ್ನು ಹಾದು ಬಂದ ಟ್ಯೂಬ್‌ಲೈಟಿನ ಬೆಳಕು ನಸುಗೆಂಪಾಗಿತ್ತು. ನೀರು ತಿಳಿಯಾಗಿತ್ತು. ಅದರಲ್ಲಿ ಸೀಸ ಕರಗಿದೆಯೆಂದು ಹೇಳುವಂಥದ್ದೇನೂ ಆ ತಿಳಿಯಲ್ಲಿ ಇರಲಿಲ್ಲ.

ಗಾಜಿನ ಈಚೆ, ಫಿನಾಯಿಲ್ ವಾಸನೆಯ ಕಾರಿಡಾರಿನಲ್ಲಿ, ಕುಲುಮೆಯವನು ನಿಂತಿದ್ದ. ಹಳೆಯ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸವನ್ನು ಕರಗಿಸಿ ಅಚ್ಚಿಗೆ ಹೊಯ್ಯುವುದು ಅವನ ಕಸುಬು. ನಾಲ್ಕು ವರ್ಷದ ಮಗಳು ಅವನ ಭುಜಕ್ಕೆ ಕೆನ್ನೆಯೊತ್ತಿ ನಿದ್ದೆಹೋಗಿದ್ದಳು. ಮನೆಯಲ್ಲಿ ಅವಳನ್ನು ಮಾತಿನಮಲ್ಲಿ ಎಂದೇ ಕರೆಯುತ್ತಿದ್ದರು. ಹೆಸರು ಈಗಲೂ ಉಳಿದಿತ್ತು. ಮಾತುಗಳು ಮಾತ್ರ, ಸಂಜೆಯ ಹೊತ್ತು ಒಬ್ಬೊಬ್ಬರೇ ಎದ್ದುಹೋಗುವ ನೆಂಟರಂತೆ, ಅವಳನ್ನು ಬಿಟ್ಟು ಹೋಗುತ್ತಿದ್ದವು. ‘ಚಪ್ಪಲಿ’ ಹೋಯಿತು. ‘ಬೆಕ್ಕು’ ಹೋಯಿತು. ಮೊನ್ನೆ ನೀರು ಬೇಕಾದಾಗ ಲೋಟದತ್ತ ಕೈ ತೋರಿಸಿ ಅತ್ತಳು. ಆಸ್ಪತ್ರೆಯವರು ಎರಡನೆಯ ಸಲ ರಕ್ತ ತೆಗೆದು ನೋಡಿ, ಸೀಸ ಮೊದಲಿಗಿಂತ ಏರಿದೆ ಎಂದಿದ್ದರು.

ಬಾಗಿಲು ತೆರೆದು ಅವನ ಅಕ್ಕ ಹೊರಬಂದಳು. ಬಿಳಿ ಕೋಟು, ತಲೆಗೆ ಟೊಪ್ಪಿಗೆ, ಕಾಲಿಗೆ ಬಟ್ಟೆಯ ಚೀಲ. ಸೀಸ ಕುಡಿಸಿದ ಇಲಿಗಳಿಗೆ ಪೌಷ್ಟಿಕಾಂಶದ ಪುಡಿ ತಿನ್ನಿಸಿ, ವಿಷ ಎಷ್ಟರಮಟ್ಟಿಗೆ ತಗ್ಗುತ್ತದೆಂದು ನೋಡುವುದರಲ್ಲಿ ಅವಳ ಅರ್ಧ ಆಯಸ್ಸು ಕಳೆದಿತ್ತು.

“ಬಂದು ಎಷ್ಟೊತ್ತಾಯ್ತೋ?”

“ಈಗ ಬಂದೆ. ನಿನ್ನ ಮಕ್ಕಳನ್ನ ನೋಡ್ತಾ ನಿಂತಿದ್ದೆ. ಚೆನ್ನಾಗೇ ಸಾಕಿದೀಯ ಬಿಡು. ಒಂದೊಂದಕ್ಕೂ ಒಂದೊಂದು ಮನೆ. ಸೆಕೆ ಇಲ್ಲ, ಹೊಗೆ ಇಲ್ಲ. ಮುಂದಿನ ಜನ್ಮದಲ್ಲಿ ನಾನೂ ಇಲ್ಲೇ ಹುಟ್ತೀನಿ.”

“ಹುಟ್ಟಬೇಡ. ಇಲ್ಲಿಂದ ಯಾರೂ ಹೊರಗೆ ಹೋಗಲ್ಲ. ಮಿದುಳಲ್ಲಿ ಎಷ್ಟಿದೆ ಅಂತ ನೋಡಬೇಕಾದ್ರೆ ಮಿದುಳೇ ತೆಗೀಬೇಕು.”

ತಮಾಷೆ ಅಲ್ಲಿಗೆ ಮುಗಿಯಿತು. ಅವನು ಮಗುವನ್ನು ಇನ್ನಷ್ಟು ಮೇಲಕ್ಕೆತ್ತಿಕೊಂಡ. “ಅಕ್ಕಾ, ಇವಳಿಗೆ ಜಾಸ್ತಿ ಆಗಿದೆಯಂತೆ. ಅಂಗಡಿ ಮಾತ್ರೇಲಿ ದಮ್ಮಿಲ್ಲ ಅನ್ಸತ್ತೆ. ಇವಕ್ಕೆ ಹಾಕ್ತೀಯಲ್ಲ, ಅದೇ ಪುಡಿ ಒಂದು ಡಬ್ಬಿ ಕೊಡು.”

“ಯಾವ ಅಂಗಡಿ ಮಾತ್ರೆ?”

ಅವನು ಜೇಬಿಗೆ ಕೈಹಾಕಿದ. ಮಣಿಕಟ್ಟಿನಿಂದಾಚೆಗೆ, ಸೀಸ ಸೇರಿದ ಆ ಕೈ ಇತ್ತೀಚೆಗೆ ಹೇಳಿದ ಮಾತು ಕೇಳುತ್ತಿರಲಿಲ್ಲ. ಬಾಡಿದ ಎಲೆಯಂತೆ ಜೋತುಬೀಳುತ್ತಿತ್ತು. ಹೇಗೋ ಎಳೆದು ತೆಗೆದ ಮಾತ್ರೆಗಳನ್ನು ಅಕ್ಕ ಬೆಳಕಿಗೆ ಹಿಡಿದು ಓದಿದಳು. ಸತು, ಕ್ಯಾಲ್ಸಿಯಂ, ವಿಟಮಿನ್ ಸಿ. ಅವಳ ಪುಡಿಯಲ್ಲಿರುವವೇ.

“ಇದನ್ನ ಕೊಡು ಅಂತ ಯಾರು ಹೇಳಿದ್ದು?”

“ನೀನೇ. ಅವತ್ತು ನಿಮ್ಮನೇಲಿ ಊಟಕ್ಕೆ ಕೂತಾಗ. ಪುಡಿ ತಿಂದ ಇಲಿಗಳಲ್ಲಿ ಸೀಸ ಕಡಿಮೆ ಆಯ್ತು ಅಂದ್ಯಲ್ಲ.”

ಅಂದಿದ್ದಳು, ಅದೂ ಹೆಮ್ಮೆಯಿಂದ. ಅವನು ಅದನ್ನು, ಜ್ವರ ಕಡಿಮೆಯಾಯಿತು, ಕೆಮ್ಮು ಕಡಿಮೆಯಾಯಿತು ಎಂದು ಮನೆಮಂದಿ ಹೇಳುವ ಹಾಗೆಯೇ ಕೇಳಿಸಿಕೊಂಡು ಎದೆಯಲ್ಲಿಟ್ಟುಕೊಂಡು ಹೋಗಿದ್ದ. ಮಾರನೆಯ ದಿನದಿಂದಲೇ ಮಾತ್ರೆಗಳನ್ನು ಅರೆದು ಮಗಳ ಹಾಲಿಗೆ ಬೆರೆಸತೊಡಗಿದ್ದ. ಹಾಲಿನ ಲೋಟ ಬರಿದಾದಾಗಲೆಲ್ಲ ಅವನಿಗೆ ಹೊಟ್ಟೆ ತಣ್ಣಗಾಗುತ್ತಿತ್ತು.

“ಯಾರಿಗಿಂತ ಕಡಿಮೆ ಅಂತ ಕೇಳಲೇ ಇಲ್ವಲ್ಲೋ ನೀನು!” ಅಕ್ಕನ ದನಿ ಒಡೆಯಿತು. “ಪುಡಿ ತಿನ್ನದ ಪಕ್ಕದ ಪಂಜರದ ಇಲಿಗಿಂತ ಕಡಿಮೆ. ಅಷ್ಟೇ. ವಾಸಿ ಆಯ್ತು ಅಂತಲ್ಲ ಕಣೋ. ಎರಡೂ ಅದೇ ನೀರು ಕುಡೀತಿದ್ವು. ಒಂದು ಬೇಗ ಹಾಳಾಯ್ತು, ಇನ್ನೊಂದು ನಿಧಾನಕ್ಕೆ.”

“ಒಂದೂ ಚೇತರಿಸಿಕೊಳ್ಳಲಿಲ್ವಾ?”

“ಕೆಲವಕ್ಕೆ ಬಾಟಲಿ ಬದಲಾಯಿಸಿದ್ವಿ. ಮೊದಲು ಒಳ್ಳೆ ನೀರು, ಆಮೇಲೆ ಪುಡಿ. ಅವು ಸ್ವಲ್ಪ ಚೇತರಿಸಿಕೊಂಡ್ವು.”

“ಎಲ್ಲಿ? ನೋಡ್ತೀನಿ ತಾಳು.” ಆ ‘ಸ್ವಲ್ಪ’ವನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಅವನಿಗೆ. ಹಿಡಿಕೆಯತ್ತ ಒಂದು ಹೆಜ್ಜೆಯಿಟ್ಟ.

“ಬೇಡ! ಒಳಗೆ ಹೋಗಬೇಡ!” ಅಕ್ಕ ಬಾಗಿಲಿಗೆ ಬೆನ್ನುಕೊಟ್ಟು ಅಡ್ಡನಿಂತಳು. ತನ್ನ ಕೂಗಿಗೆ ತಾನೇ ನಾಚಿ ದನಿ ತಗ್ಗಿಸಿದಳು. “ಆ ಮೂಲೇಲಿರೋವು ಶುದ್ಧ ನೀರಿನವು ಕಣೋ. ಅವಕ್ಕೆ ಸೀಸದ ಸೋಂಕೇ ಆಗಬಾರದು. ನಿನ್ನ ಅಂಗಿ ಮೇಲಿನ ಧೂಳು ಒಂದು ಚೂರು ಒಳಗೆ ಹೋದ್ರೂ…”

ಮಾತು ಅರ್ಧಕ್ಕೇ ನಿಂತಿತು. ಇಬ್ಬರ ಕಣ್ಣೂ ಒಂದೇ ಕಡೆಗೆ ಹೋದವು. ಅಂಗಿಯ ಭುಜದ ಮೇಲೆ, ಆ ಧೂಳಿನಲ್ಲಿ, ಮಗುವಿನ ಕೆನ್ನೆಯಿತ್ತು. ತೆರೆದ ಬಾಯಿಂದ ಇಳಿದ ಜೊಲ್ಲು ಬಟ್ಟೆಯನ್ನು ಒದ್ದೆಮಾಡಿ, ಬೂದುಬಣ್ಣದ ಒಂದು ಸಣ್ಣ ದ್ವೀಪವನ್ನು ಬರೆದಿತ್ತು.

ಅಕ್ಕ ತನ್ನ ಕೋಟು ಬಿಚ್ಚಿ, ಅದರಲ್ಲಿ ಮಗುವನ್ನು ಸುತ್ತಿ, ಅವನ ಭುಜದಿಂದ ಎತ್ತಿಕೊಂಡಳು. ಅವನು ಬಿಟ್ಟುಕೊಟ್ಟ.

“ಮೊದಲೆಲ್ಲ ನಲ್ಲಿ ಕೆಳಗೆ ಮೈ ತೊಳ್ಕೊಂಡು, ಅಂಗಿ ಬದಲಾಯಿಸಿ ಆಮೇಲೇ ಇವಳನ್ನ ಎತ್ಕೋತಿದ್ದೆ,” ಎಂದ ಗೋಡೆಗೆ ಹೇಳುವಂತೆ. “ಮಾತ್ರೆ ಶುರುಮಾಡಿದ ಮೇಲೆ ಬಿಟ್ಟೆ. ಬಾಗಿಲಿಗೇ ಓಡಿ ಬರ್ತಾಳೆ. ಮಾತ್ರೆ ಇದೆಯಲ್ಲ, ಏನಾಗತ್ತೆ ಅಂತ…”

ಒಳಗೆ ಯಾವುದೋ ಇಲಿ ನಳಿಗೆಯನ್ನು ಕಚ್ಚಿ ಆಡಿಸುವ ಸದ್ದು ಸಣ್ಣಗೆ ಕೇಳುತ್ತಿತ್ತು.

“ನಮ್ಮನೇಲಿ ಬಾಟಲಿ ಅಂದ್ರೆ ನಾನೇ. ಅಲ್ವಾ ಅಕ್ಕಾ?”

“ನೀನು, ನಿನ್ನ ಬಟ್ಟೆ, ನೀವಿರೋ ಆ ಕುಲುಮೆ ಶೆಡ್ಡಿನ ಹಿಂದಿನ ಕೋಣೆ. ಮನೆ ಬದಲಾಗದೆ ಆಸ್ಪತ್ರೆ ಔಷಧಿಯಿಂದಲೂ ಉಪಯೋಗ ಇಲ್ಲ.” ಮಗುವನ್ನು ಎದೆಗೊತ್ತಿಕೊಂಡು ಮುಂದುವರಿಸಿದಳು. “ಇವಳು ನನ್ನ ಹತ್ರ ಇರಲಿ. ನಿನ್ನ ಹೆಂಡತೀನೂ ಕಳಿಸು. ಉಟ್ಟ ಬಟ್ಟೆ ಬಿಟ್ಟು ಬೇರೇನೂ ತರೋದು ಬೇಡ ಅನ್ನು. ನೀನೂ ಆ ಕೆಲಸ ಬಿಟ್ಟು ಬಂದುಬಿಡೋ.”

ಅವನು ಜೋತುಬಿದ್ದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ತೋರಿಸಿ ನಕ್ಕ. “ಇದನ್ನ ನೋಡಿ ಯಾರು ಕೆಲಸ ಕೊಡ್ತಾರೆ? ಕುಲುಮೆ ಮುಂದೆ ಆದ್ರೆ ಸೌಟು ಹಿಡಿಯೋಕೆ ಒಂದು ಕೈ ಸಾಕು. ನಿನ್ನ ಮನೇಲಿ ನಾನೂ ಉಣ್ಣೋಕೆ ಕೂತ್ರೆ, ನಾವು ನಾಲ್ಕು ಜನಾನೂ ನಿನ್ನ ಇಲಿಗಳ ಪುಡೀನೇ ತಿನ್ನಬೇಕಾಗತ್ತೆ.”

ಅವಳು ಮಗುವಿನ ಕೆನ್ನೆಯ ಧೂಳನ್ನು ಕೋಟಿನ ಅಂಚಿನಿಂದ ಒರೆಸಿದಳು. ಅವನೇ ಕೇಳಿದ: “ಹೋದ ಮಾತು ವಾಪಸ್ ಬರತ್ತಾ?”

“ಗೊತ್ತಿಲ್ಲ ಕಣೋ. ಇಲಿಗಳು ಮಾತಾಡಲ್ಲ.”

ಕೋಟಿನೊಳಗೆ ಮಗು ಮಿಸುಕಿತು. ಕಣ್ಣು ಬಿಟ್ಟು, ಅಷ್ಟು ದೂರ ನಿಂತ ಅಪ್ಪನನ್ನು ಕಂಡು, ಕೈ ಚಾಚಿತು. ಅವನ ಒಳ್ಳೆಯ ಕೈ ತಾನಾಗಿ ಮುಂದೆ ಬಂತು. ಅದನ್ನು ಅವನು ನಡುದಾರಿಯಲ್ಲೇ ತಡೆದು ಬೆನ್ನ ಹಿಂದಕ್ಕೆ ಎಳೆದುಕೊಂಡ.

ಅಪ್ಪ ಎನ್ನಲು ತುಟಿಗಳು ಕೂಡಿ ತೆರೆಯಬೇಕು. ಮಗುವಿನ ತುಟಿಗಳು ಕೂಡಿದವು. ಕೂಡಿಯೇ ಇದ್ದವು. ಆ ಒಂದು ಪದವಾದರೂ ಉಳಿದಿದೆಯೋ ಇಲ್ಲವೋ ಎಂದು ಕಾದು ನೋಡುವ ಎದೆಗಾರಿಕೆ ಅವನಿಗಿರಲಿಲ್ಲ.

“ನಾಳೆ ಇವಳ ಅಮ್ಮನ್ನ ಕಳಿಸ್ತೀನಿ,” ಎಂದು ತಿರುಗಿದ. ಕಾರಿಡಾರಿನ ಉದ್ದಕ್ಕೂ ಗೋಡೆಗೆ ಮೈ ತಾಗದಂತೆ ನಡೆದ. ಕೊನೆಯ ಬಾಗಿಲನ್ನು ಕೈಯಿಂದ ಮುಟ್ಟದೆ, ಮೊಣಕೈಯಿಂದ ದೂಡಿ ಹೊರಬಿದ್ದ. ಬಾಗಿಲು ನಿಧಾನವಾಗಿ ಹಿಂದಕ್ಕೆ ಬಂದು, ಅವನ ಬೆನ್ನಿಗೆ ಮುಚ್ಚಿಕೊಂಡಿತು.