ಚಿರತೆಯ ಪರ ಸಾಕ್ಷಿ

"ಒತ್ತು ರಂಡೇ, ಹೆಬ್ಬೆಟ್ಟು ಒತ್ತು! ನಿನ್ನ ಕೂಸಿನ ಸಲುವಾಗಿ ಇಡೀ ಊರು ನಿಂತೈತಿ. ನೀನು ನೋಡಿದ್ರ ಕಲ್ಲಿನಂಗ ಕುಂತಿ!"

ಜಡೆಪ್ಪಗೌಡ ಚಾವಡಿಯ ಕಟ್ಟೆಯ ಮೇಲಿನಿಂದ ಎಲೆಯಡಿಕೆ ಉಗುಳಿದ. ಅದು ಸುಂಕಲಮ್ಮನ ಮೊಣಕಾಲಿನಿಂದ ಒಂದು ಗೇಣು ಆಚೆ ಬಿತ್ತು. ಅವಳು ಕಟ್ಟೆಯ ಕೆಳಗೆ, ಮಣ್ಣಿನಲ್ಲಿ ಕೂತಿದ್ದಳು. ಮಗಳು ದುರುಗಿಯನ್ನು ಹೂಳಿ ಎರಡು ದಿನವಾಗಿತ್ತು.

ಊರ ಲೆಕ್ಕ ಬರೆಯುವ ಕರಣಂ ಅರ್ಜಿಯನ್ನು ಎರಡನೆಯ ಸಲ ಓದಿದ. ಕುರುಗೋಡು ಗುಡ್ಡದ ಚಿರತೆಯು ಶೇಂಗಾ ಹೊಲಕ್ಕೆ ನುಗ್ಗಿ, ಮಾದಿಗರ ಕೇರಿಯ ಮಾರೆಣ್ಣನ ಐದು ವರ್ಷದ ಮಗಳನ್ನು ಕೊಂದಿದೆ; ಆದ್ದರಿಂದ ಗುಡ್ಡದ ಚಿರತೆಗಳನ್ನು ನಿರ್ಮೂಲ ಮಾಡಲು ಗೌಡರಿಗೂ ಅವರ ನೆಂಟರಿಗೂ ಪರವಾನಗಿ ಕೊಡಬೇಕು; ಇದು ಊರಿನ ಸಮಸ್ತರ ಅಭಿಪ್ರಾಯ.

"ಚಿರತಿ ಅಲ್ಲ," ಎಂದಳು ಸುಂಕಲಮ್ಮ.

"ಏನಂದಿ?"

"ಚಿರತಿ ಅಲ್ರೀ ಗೌಡ್ರ. ನಿಮ್ಮ ನಾಯಿ."

ಕೇರಿಯ ಗಂಡಸರು ನೆಲ ನೋಡಿದರು. ಅವರೆಲ್ಲ ಆಗಲೇ ಹೆಬ್ಬೆಟ್ಟು ಒತ್ತಿದ್ದರು. ಅವರ ಗುಡಿಸಲುಗಳು ನಿಂತಿದ್ದ ಜಾಗ ಗೌಡನದು.

"ಮಾರ್ಯಾ," ಗೌಡ ಮೆಲ್ಲಗೆ ಕರೆದ. "ನಿನ್ನ ಹೇಣ್ತಿಗೆ ತಲಿ ಕೆಟ್ಟೈತಿ. ನೀನೇ ಒತ್ತಿಸಲೇ. ಆಕಿನ್ನ ಮುಟ್ಟಿ ನಾವು ಮೈಲಿಗಿ ಮಾಡ್ಕೊಳ್ಳಾಕ ಆಗತೈತೇನು?"

ಕರಣಂ ಮಸಿಯ ಡಬ್ಬಿಯನ್ನು ಕೋಲಿನ ತುದಿಯಿಂದ ಕೆಳಕ್ಕೆ ತಳ್ಳಿದ. ಮಾರೆಣ್ಣ ಹೆಂಡತಿಯ ಬಲಗೈ ಹಿಡಿದ. ಅವಳು ಮುಷ್ಟಿ ಬಿಗಿದಳು. ಅವನು ಒಂದೊಂದೇ ಬೆರಳು ಬಿಡಿಸಿದ. ಹೆಬ್ಬೆರಳನ್ನು ಮಸಿಗೆ, ಆಮೇಲೆ ಕಾಗದಕ್ಕೆ ಒತ್ತಿದ. ಸುಂಕಲಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಅವಳ ಮುಖ ನೋಡಲಿಲ್ಲ.

ನಡೆದದ್ದು ಇಷ್ಟು. ಶೇಂಗಾ ಕಿತ್ತಾದ ಮೇಲೆ ಹೊಲದಲ್ಲಿ ಉಳಿದ ಕಾಯನ್ನು ಕೇರಿಯ ಮಕ್ಕಳು ಹಕ್ಕಲು ಆಯುತ್ತಿದ್ದರು. ಗೌಡನ ಬಳಿ ಚಿಗರಿ ಬೇಟೆಗೆಂದು ಸಾಕಿದ ನಾಲ್ಕು ನಾಯಿಗಳಿದ್ದವು. ಹಕ್ಕಲಿನ ಮಕ್ಕಳನ್ನು ಕಂಡಾಗೆಲ್ಲ ಅವನು "ಛೂ" ಎಂದು ಅವನ್ನು ಬಿಡುತ್ತಿದ್ದ, ಮಕ್ಕಳು ಓಡುವುದನ್ನು ನೋಡಿ ನಗುತ್ತಿದ್ದ. ಆ ದಿನವೂ ಬಿಟ್ಟ. ದೊಡ್ಡ ಮಕ್ಕಳು ಬೇವಿನ ಮರ ಹತ್ತಿದರು. ದುರುಗಿಗೆ ಮರ ಹತ್ತಲು ಬರುತ್ತಿರಲಿಲ್ಲ. ಅವಳು ಹಳ್ಳದ ಕಡೆ ಓಡಿದಳು. ಹೊಲದಲ್ಲಿದ್ದ ಹದಿನೆಂಟು ಆಳುಗಳು ಅದನ್ನು ಕಂಡರು. ಸುಂಕಲಮ್ಮ ಕೂಗುತ್ತ ಓಡಿಹೋಗುವಷ್ಟರಲ್ಲಿ ಮುಗಿದಿತ್ತು.

ಗೌಡನಿಗೆ ಚಿರತೆಯ ಮೇಲೆ ಹಳೆಯ ಹಗೆಯಿತ್ತು. ಎರಡು ವರ್ಷಗಳಲ್ಲಿ ಅದು ಗುಡ್ಡದಿಂದ ಇಳಿದು ಅವನ ಮೂರು ಬೇಟೆನಾಯಿಗಳನ್ನು ಹೊತ್ತೊಯ್ದಿತ್ತು. ಈಗ ಒಂದೇ ಅರ್ಜಿಯಲ್ಲಿ ಎರಡು ಕೆಲಸ.

ಎಂಟು ದಿನಕ್ಕೆ ಬಳ್ಳಾರಿಯಿಂದ ರೇಂಜರ್ ಬಂದ. ಹೆಸರು ಜಯತೀರ್ಥ, ಸತ್ಯನಾರಾಯಣಪೇಟೆಯ ಹುಡುಗ. ಕೊಯಮತ್ತೂರಿನಲ್ಲಿ ಕಾಡಿನ ಓದು ಮುಗಿಸಿ ಬಂದವನು. ಜಾಗ ತೋರಿಸಲು ಗೌಡ ಮಾರೆಣ್ಣನನ್ನೇ ಕಳಿಸಿದ. ಗುಡ್ಡದ ಜಾಡು ಮಾರೆಣ್ಣನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಹೆಂಗ ತೋರಿಸಬೇಕು, ಎಲ್ಲಿ ಬಾಯಿ ಮುಚ್ಚಬೇಕು ಎಂಬುದನ್ನೂ ಹೇಳಿಯೇ ಕಳಿಸಿದ್ದ. ಸುಂಕಲಮ್ಮ ಅವರ ಹಿಂದೆಯೇ ಹೋದಳು.

ಹಳ್ಳದ ದಂಡೆಯಲ್ಲಿ ನಾಲ್ಕು ಒಡಕು ಮಡಕೆಗಳು ಬೋರಲಾಗಿ ಬಿದ್ದಿದ್ದವು. ಮಾರೆಣ್ಣ ಸುತ್ತ ನೋಡಿ, ಒಂದೊಂದಾಗಿ ಎತ್ತಿದ. ಕೆಳಗೆ, ಒಣಗಿ ಗಟ್ಟಿಯಾದ ಕೆಸರಿನಲ್ಲಿ, ಹೆಜ್ಜೆಗಳು ಹಾಗೇ ಇದ್ದವು.

"ಯಾರು ಮುಚ್ಚಿದ್ರಪಾ ಇವನ್ನ?" ರೇಂಜರ್ ಬೆರಗಾದ.

"ನಾನೇರಿ. ಆವತ್ತ ಸಂಜಿಮುಂದ."

ಸುಂಕಲಮ್ಮ ಗಂಡನನ್ನು ದುರುಗುಟ್ಟಿ ನೋಡಿದಳು. "ಮಡಕಿ ಮುಚ್ಚಾಕ ಧೈರ್ಯ ಇತ್ತು, ಬಾಯಿ ತೆಗಿಯಾಕ ಇರ್ಲಿಲ್ಲ. ಥೂ ನಿನ್ನ!"

ಮಾರೆಣ್ಣ ಕೆಸರಿನ ಬಳಿ ಕುಕ್ಕರುಗಾಲಲ್ಲಿ ಕೂತ. "ನೋಡ್ರಿ ಸಾಮಿ, ಉಗುರು ಮೂಡ್ಯಾವು. ಚಿರತಿ ಉಗುರು ಒಳಗ ಇಟ್ಕೊಂಡು ನಡೀತೈತಿ. ಇದು ನಾಯಿ. ಒಂದಲ್ಲ, ನಾಕು."

"ಬರೋಬರಿ!" ರೇಂಜರನ ಮುಖ ಅರಳಿತು. ಅವನು ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿ ಹೆಜ್ಜೆಗಳಿಗೆ ಸುರಿದ. ಅದು ಗಟ್ಟಿಯಾಗುವವರೆಗೆ ಉತ್ಸಾಹದಿಂದ ಮಾತಾಡಿದ. ಚಿರತೆ ಹೋದರೆ ಕಾಡುಹಂದಿಗೆ ಹೆದರಿಕೆ ಹೋಗುತ್ತದೆ, ಶೇಂಗಾ ಉಳಿಯುವುದಿಲ್ಲ, ಜೋಳ ಉಳಿಯುವುದಿಲ್ಲ. ಜನಕ್ಕೆ ಇದು ತಿಳಿಯುವುದಿಲ್ಲ, ಕೂಗಾಡುತ್ತಾರೆ. ಶಾಸ್ತ್ರ ಇರುವುದೇ ಇದಕ್ಕೆ.

"ಅದು ನಮಗ ಗೊತ್ತೈತ್ರಿ," ಎಂದ ಮಾರೆಣ್ಣ. "ಹಂದಿ ಕಾಯಾಕ ಹೊಲದಾಗ ಮಲಗೋರು ನಾವ."

ಸುಂಕಲಮ್ಮ ಮುಂದೆ ಬಂದು ನಿಂತಳು. ಗೌಡ ಎಲ್ಲಿ ನಿಂತಿದ್ದ, ಹೆಂಗೆ "ಛೂ" ಅಂದ, ಯಾವ ನಾಯಿ ಮೊದಲು ಬಾಯಿ ಹಾಕಿತು, ಎಲ್ಲ ಹೇಳಿದಳು. ಅಳಲಿಲ್ಲ. ಹೇಳುತ್ತಿದ್ದಂತೆ ರೇಂಜರನ ಪೆನ್ಸಿಲು ನಿಂತಿತು. ಅವನು ಪುಸ್ತಕ ಮುಚ್ಚಿದ.

"ನೋಡಮ್ಮ, ನಾನು ಬಂದಿರೋದು ಚಿರತೆ ವಿಷಯಕ್ಕ. ಚಿರತೆ ಕೊಂದಿಲ್ಲ ಅಂತ ಬರೀತೀನಿ, ಖಂಡಿತ ಬರೀತೀನಿ. ಯಾರ ನಾಯಿ ಅನ್ನೋದು ನನ್ನ ಕೆಲಸದಾಗ ಬರೋದಿಲ್ಲ. ಅದಕ್ಕ ಪೊಲೀಸರದಾರ."

"ಪೊಲೀಸರು ಗೌಡನ ಮನ್ಯಾಗ ಉಣ್ತಾರ."

ಅವನು ಅಚ್ಚುಗಳನ್ನು ಹತ್ತಿಯಲ್ಲಿ ಸುತ್ತಿ, ಕೂಸಿನಂತೆ ಎದೆಗವಚಿಕೊಂಡ.

"ಸಾಮೀ," ಸುಂಕಲಮ್ಮನ ಧ್ವನಿ ಏರಿತು. "ಚಿರತಿ ಪರ ಸಾಕ್ಷಿ ಹೇಳಾಕ ಬಳ್ಳಾರಿಯಿಂದ ಬಂದ್ರಿ. ನನ್ನ ಕೂಸಿನ ಪರ ಹೇಳಾಕ ಎಲ್ಲಿಂದ ಬರ್ತಾರ್ರೀ? ಆ ಊರಿನ ಹೆಸರಾದ್ರೂ ಹೇಳ್ರಿ, ನಡಕೊಂತ ಹೋಗ್ತೀನಿ."

ಮಧ್ಯಾಹ್ನ ರೇಂಜರ್ ಗೌಡನ ಮನೆಯ ಜಗಲಿಯಲ್ಲಿ ಕೂತು ಹಾಲು ಹಣ್ಣು ತೆಗೆದುಕೊಂಡ. ಆಮೇಲೆ ಚಾವಡಿಯಲ್ಲಿ ಊರಿಗೆ ಅಚ್ಚು ತೋರಿಸಿದ. ಚಿರತೆಯದಲ್ಲ, ನಾಯಿಯದು ಎಂದ. ಗೌಡನ ಕಣ್ಣು ಸಣ್ಣದಾಗಿದ್ದನ್ನು ಕಂಡು, "ಯಾವುದೋ ಬೀದಿನಾಯಿ ಇರಬಹುದು," ಎಂದು ಸೇರಿಸಿದ.

ಊರವರು ಹೋ ಎಂದು ನಕ್ಕರು.

"ರಾಯರ," ಎಂದ ಗೌಡ, "ನಿಮ್ಮ ಪುಸ್ತಕದಾಗಿನ ಚಿರತಿ ಸಾಧು ಇರಬೌದು. ನಮ್ಮ ಗುಡ್ಡದ್ದು ಹಂಗಲ್ಲ. ನೂರಾ ಹನ್ನೊಂದು ಮಂದಿ ಹೆಬ್ಬೆಟ್ಟು ಒತ್ಯಾರ. ಸತ್ತ ಕೂಸಿನ ತಾಯೀನ ಒತ್ಯಾಳ. ನೀವು ಸುಣ್ಣದ ಹೆಜ್ಜಿ ಹಿಡಕೊಂಡು ಬಂದೀರಿ. ಈಗ ಪ್ರಜಾರಾಜ್ಯ, ಪರಂಗಿಯವರ ಕಾಲ ಅಲ್ಲ. ಮಂದಿ ಮಾತು ನಡೀಬೇಕು."

ಮಂದಿ ಮಾತು ನಡೆಯಿತು. ಹದಿನೈದು ದಿನಕ್ಕೆ ಮೇಲಿನಿಂದ ಹುಕುಂ ಬಂತು: ಸ್ಥಳೀಯರ ಅಭಿಪ್ರಾಯವನ್ನು ಮನ್ನಿಸಿ, ರೇಂಜರನ ಸಮ್ಮುಖದಲ್ಲಿ, ಶಿಕಾರಿ ನಡೆಸಬಹುದು.

ಶಿಕಾರಿಯ ದಿನ ಬೆಳಗ್ಗೆ ಕೇರಿಯ ಇಪ್ಪತ್ತೆರಡು ಗಂಡಸರನ್ನು ಗುಡ್ಡದ ಬುಡದಲ್ಲಿ ಸಾಲಾಗಿ ನಿಲ್ಲಿಸಿದರು. ಕೊರಳಿಗೆ ತೂಗಿದ ಚರ್ಮದ ಹಲಗೆ ಬಡಿಯುತ್ತ ಮುಳ್ಳುಪೊದೆಗಳಿಗೆ ನುಗ್ಗಿ ಚಿರತೆಯನ್ನು ಎಬ್ಬಿಸುವುದು ಇವರ ಕೆಲಸ. ಬಂಡೆಯ ಮೇಲೆ ಕೂತು ಗುಂಡು ಹೊಡೆಯುವುದು ಗೌಡನ ಮತ್ತು ಅವನ ನೆಂಟರ ಕೆಲಸ. ಹೋದ ಸಲದ ಶಿಕಾರಿಯಲ್ಲಿ ಹಲಗೆ ಬಡಿಯುತ್ತಿದ್ದ ಕೇರಿಯ ಸುಂಕಣ್ಣನ ಹೊಟ್ಟೆಯನ್ನು ಚಿರತೆ ಬಗೆದಿತ್ತು. ಅವನ ಹೆಸರು ಯಾವ ಅರ್ಜಿಯಲ್ಲೂ ಬರಲಿಲ್ಲ. ರೇಂಜರ್ ಶಿಕಾರಿ ನೋಡಲಾರೆ ಎಂದು ಚಾವಡಿಯಲ್ಲೇ ಉಳಿದ.

"ಹೊಡೀರಲೇ ಹಲಗಿ!" ಬಂಡೆಯ ಮೇಲಿನಿಂದ ಗೌಡ ಕೂಗಿದ.

ಸಾಲಿನ ಮುಂದೆ ಮಾರೆಣ್ಣ ನಿಂತಿದ್ದ. ಅವನ ಪಕ್ಕದಲ್ಲಿ, ಯಾರೂ ಕರೆಯದಿದ್ದರೂ, ಸುಂಕಲಮ್ಮ. ಹಳ್ಳದ ದಂಡೆಯಲ್ಲಿ ಥೂ ಎಂದ ದಿನದಿಂದ ಅವಳು ಗಂಡನೊಡನೆ ಒಂದು ಮಾತೂ ಆಡಿರಲಿಲ್ಲ. ಈಗ ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು, ಅಷ್ಟೆ.

"ಹೊಡಿಯಾಂಗಿಲ್ರಿ," ಎಂದ ಮಾರೆಣ್ಣ.

"ಏನಲೇ?"

"ಚಿರತಿ ನಮ್ಮ ಕೂಸಿನ್ನ ಕೊಂದಿಲ್ಲ. ಯಾರು ಕೊಂದಾರ ನಾವೆಲ್ಲ ನೋಡೀವಿ. ನಾನು ಹೊಡಿಯಾಂಗಿಲ್ಲ."

ಹಿಂದೆ ಮುದುಕ ಹೊನ್ನೂರಪ್ಪ ಹಲಗೆಯನ್ನು ಕೊರಳಿನಿಂದ ತೆಗೆದು ಕೆಳಗಿಟ್ಟ. ಇನ್ನೊಬ್ಬ ಇಟ್ಟ. ಮತ್ತೊಬ್ಬ.

"ಸೂಳಿಮಕ್ಕಳ್ರಾ, ನನ್ನ ಉಪ್ಪು ತಿಂದು ನನಗ ಎದುರು ನಿಲ್ತೀರೇನ್ರಲೇ?" ಗೌಡನ ಮುಖ ಕಪ್ಪಿಟ್ಟಿತು. ಅವನು ನಾಯಿಗಳ ಸರಪಳಿ ಹಿಡಿದು ನಿಂತಿದ್ದ ಆಳಿನ ಕಡೆ ತಿರುಗಿದ. "ಬಿಡಲೇ! ಛೂ! ಛೂ!"

ನಾಲ್ಕೂ ನಾಯಿಗಳು ಇಳಿಜಾರಿನಲ್ಲಿ ಹಾರಿ ಬಂದವು.

ಯಾರೂ ಓಡಲಿಲ್ಲ. ಓಡುವವರನ್ನು ಅಟ್ಟಿ ಅಭ್ಯಾಸವಾಗಿದ್ದ ನಾಯಿಗಳು ಒಂದು ಕ್ಷಣ ತಬ್ಬಿಬ್ಬಾದವು. ಮುಂದಿದ್ದ ಕಂದು ನಾಯಿ ಮಾರೆಣ್ಣನ ಮುಂಗೈಗೆ ಬಾಯಿ ಹಾಕಿತು. ಅವನು ಕೈ ಎಳೆದುಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಅದರ ಕತ್ತು ಹಿಡಿದು ನೆಲಕ್ಕೆ ಒತ್ತಿದ. ಸುಂಕಲಮ್ಮ ಕಲ್ಲೆತ್ತಿ ಹೊಡೆದಳು. ಮತ್ತೆ ಹೊಡೆದಳು. ಕೋಲುಗಳು ಸುತ್ತ ಬೀಳತೊಡಗಿದವು. ಉಳಿದ ಮೂರು ನಾಯಿಗಳು ಬಾಲ ಮುದುರಿಕೊಂಡು ಗುಡ್ಡ ಹತ್ತಿದವು. ಮನುಷ್ಯರು ನಡುವೆ ಇದ್ದುದರಿಂದಲೋ, ಬಳ್ಳಾರಿಯ ನೆಂಟರು ನೋಡುತ್ತಿದ್ದುದರಿಂದಲೋ, ಬಂದೂಕು ಹಾರಲಿಲ್ಲ.

ಸತ್ತ ನಾಯಿಯ ಕಾಲು ಕಟ್ಟಿ, ಬಿದಿರಿನ ಬೊಂಬಿಗೆ ತೂಗುಹಾಕಿ, ಇಬ್ಬರು ಹೆಗಲಿಗೇರಿಸಿದರು. ಈಗ ಹಲಗೆಗಳು ಎದ್ದವು. ಕೇರಿಯವರು ಎಂದೂ ಸದ್ದು ಮಾಡಿ ನಡೆಯದ ಗೌಡರ ಓಣಿಯಲ್ಲಿ ಹಲಗೆ ಬಡಿಯುತ್ತ ನಡೆದರು. ಕಿಟಕಿಗಳು ಪಟಪಟ ಮುಚ್ಚಿದವು.

ಚಾವಡಿಯಲ್ಲಿ ಕರಣಂ ಎದ್ದು ನಿಂತ. "ಏಯ್! ಮ್ಯಾಲೆ ಬರಬ್ಯಾಡ್ರಲೇ! ಅಲ್ಲೇ ನಿಲ್ರಿ!"

ಸುಂಕಲಮ್ಮ ಮೆಟ್ಟಿಲು ಹತ್ತಿದಳು. ಹಿಂದೆ ಮಾರೆಣ್ಣ, ಮುಂಗೈಯಿಂದ ರಕ್ತ ಸೋರುತ್ತ. ನಾಯಿಯನ್ನು ರೇಂಜರನ ಮುಂದೆ, ಜಮಖಾನದ ಮೇಲೆ ಇಳಿಸಿದರು.

"ಶಿಕಾರಿ ಮುಗೀತ್ರಿ ಸಾಮಿ. ಕೂಸಿನ್ನ ಕೊಂದ ಮಿಗ ಇದು," ಎಂದಳು ಸುಂಕಲಮ್ಮ. "ಬಿಟ್ಟಾತ ಹಿಂದ ಬರಾಕ ಹತ್ಯಾನ. ಅವನ ಹೆಸರೂ ಬರಕೊಳ್ರಿ."

ಜಯತೀರ್ಥನ ಕೈಯಲ್ಲಿ ಪೆನ್ಸಿಲು ಇತ್ತು. ಅವನು ನಾಯಿಯನ್ನು ನೋಡಿದ, ಓಣಿಯ ತುದಿಯನ್ನು ನೋಡಿದ. ಅಲ್ಲಿ ಗೌಡ ಕುದುರೆಯಿಂದ ಇಳಿಯುತ್ತಿದ್ದ. ಬಂದೂಕು ಕೈಯಲ್ಲೇ ಇತ್ತು.

ಹಲಗೆ ನಿಲ್ಲಲಿಲ್ಲ. ಸುಂಕಲಮ್ಮ ಕಟ್ಟೆಯ ಮೇಲೆ, ಗೌಡ ಕೂರುತ್ತಿದ್ದ ಜಾಗದಲ್ಲಿ ಕಾಲು ಮಡಚಿ ಕೂತಳು.