ಏಳನೇ ಮೇಜಿನ ಚಿಕ್ಕ ಮೇಡಂ

ಕಪ್ಪಿನಲ್ಲಿ ಚಹಾ ಅಲುಗುವುದು ನಿಂತಿದೆ, ಅಂದರೆ ಎಂಜಿನ್ ನಿಂತಿತು, ಒಂಬತ್ತು ದಿನದಿಂದ ಅಂಗಾಲಿಗೆ ಹತ್ತಿ ಹಲ್ಲಿನ ಬುಡದವರೆಗೂ ಗುಂಯ್‌ಗುಡುತ್ತಿದ್ದದ್ದು ಈಗ ಇಲ್ಲ, ಇದ್ದಾಗ ಕೇಳಿಸುತ್ತಿರಲಿಲ್ಲ, ಇಲ್ಲವಾದ ಮೇಲೆ ಕೇಳಿಸುತ್ತಿದೆ, ಅಕ್ಕ ಇದ್ದಿದ್ದರೆ ಇಷ್ಟು ಹೊತ್ತಿಗೆ ಬಾಗಿಲ ಬಳಿ ನಿಂತಿರುತ್ತಿದ್ದಳು, ಏಳೇ, ಬಂತು ದಡ, ಚೀಲ ತಗೋ, ಹಡಗಿಗೆ ಹಗ್ಗ ಕಟ್ಟುವ ಮೊದಲೇ ಇಳಿಯಲು ಸಿದ್ಧ, ಹತ್ತುವಾಗಲೂ ಅವಳೇ ಮೊದಲು — ಹಳದಿ ಚೀಟಿಯವರು ಇಳಿಯಬಹುದು, ಎನ್ನುತ್ತದೆ ಛಾವಣಿಯ ಸ್ಪೀಕರು, ದಯವಿಟ್ಟು ಹಳದಿ ಚೀಟಿಯವರು ಮಾತ್ರ — ಇವಳದು ನೇರಳೆ, ಕೈಚೀಲದ ಹಿಡಿಗೆ ಕಟ್ಟಿದ ನೇರಳೆ ಕಾಗದ, ಎಲ್ಲಕ್ಕಿಂತ ಕೊನೆಯ ಬಣ್ಣ, ಮುಂದೆ ಹಿಡಿಯಬೇಕಾದ ರೈಲಿಲ್ಲದವರಿಗೆ, ಹೊರಗೆ ಕಾರು ತಂದು ಕಾಯುವವರಿಲ್ಲದವರಿಗೆ ಕೊಡುವ ಬಣ್ಣ, ಕೊಡುವಾಗ ಕೌಂಟರಿನ ಹೆಂಗಸು ಕೇಳಿದ್ದಳು, ನಿಮಗೇನೂ ಅವಸರ ಇಲ್ಲ ತಾನೇ, ಇಲ್ಲ ಎಂದಿದ್ದಳು ಇವಳು, ಅರವತ್ತೆಂಟು ವರ್ಷದವಳಿಗೆ ಏನವಸರ, ಮನೆಯೆಂದರೆ ಮೂರನೇ ಮಹಡಿಯ ಎರಡು ಕೋಣೆ, ಹಾಲು ಬೇಡವೆಂದು ಹೇಳಿ ಬಂದಿದ್ದಾಳೆ, ವಾಸನೆ ಕಟ್ಟಬಾರದೆಂದು ಫ್ರಿಜ್ಜಿನ ಬಾಗಿಲಿಗೆ ಟವೆಲು ಸಿಕ್ಕಿಸಿ ಬಂದಿದ್ದಾಳೆ. ಕಿಟಕಿ ಹತ್ತಿರದ ಸೋಫಾದಲ್ಲಿ ಜಡ್ಜ್ ಸಾಹೇಬರು, ಪಕ್ಕದಲ್ಲಿ ಹಲ್ಲಿನ ಡಾಕ್ಟರು, ಅವರ ಹೆಂಡತಿ, ಹನ್ನೆರಡು ವರ್ಷ ಏಳನೇ ನಂಬರಿನ ಮೇಜಿನಲ್ಲಿ ಇವಳೊಡನೆ ಕೂತು ಉಂಡವರು, ಮೂವರ ಬೆನ್ನೂ ಇತ್ತ ಇದೆ, ಕಿಟಕಿಯಾಚೆ ಬರೀ ಕ್ರೇನು, ಕಬ್ಬಿಣದ ಡಬ್ಬಗಳು, ಅದರಲ್ಲಿ ಅಷ್ಟು ಹೊತ್ತು ನೋಡುವಂಥದ್ದೇನಿದೆ, ನೋಡುತ್ತಿದ್ದಾರೆ.

ಶುರುವಾದದ್ದು ಐದನೇ ದಿನ, ಬಾಗಿಲ ಸಂದಿಯಿಂದ ತೂರಿಬಂದ ಹಾಳೆಯಿಂದ — ಪ್ರೀತಿಯ ಅತಿಥಿಗಳೇ, ನಿಮಗೊಂದು ಸಂತೋಷದ ಸುದ್ದಿ — ಮೂವತ್ತನಾಲ್ಕು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದ ಕಣ್ಣು, ಸುದ್ದಿಗಿಂತ ಮೊದಲು ತಪ್ಪನ್ನೇ ಹೆಕ್ಕಿತು, ಒಂದು ಒತ್ತಕ್ಷರ ಬಿಟ್ಟುಹೋಗಿದೆ, ಕುಟುಂಬ ಎಂಬ ಮಾತು ಐದು ಸಲ ಬಂದಿದೆ, ಒಂದೇ ಪುಟದಲ್ಲಿ ಐದು ಸಲ ಕುಟುಂಬ ಅನ್ನುವವರ ಜೊತೆ ಹುಷಾರಾಗಿರಬೇಕು, ಮೂರನೇ ಸಲ ಓದಿದಾಗ ಅರ್ಥವಾಯಿತು, ಕಂಪನಿ ಮಾರಾಟವಾಗಿದೆ, ಮುನ್ನೂರು ಜನ ಹಿಡಿಸುವ ಈ ಹಳೇ ಹಡಗು, ಇದರ ಜೊತೆಯ ಇನ್ನೆರಡು, ಕುರ್ಚಿ ಚಮಚಗಳ ಸಮೇತ ದೊಡ್ಡ ಕಂಪನಿಯೊಂದರ ಪಾಲು, ಅವರು ಆರಾರು ಸಾವಿರ ಜನರನ್ನು ಹೊರುವ ಹಡಗುಗಳವರು, ಮೇಲೆ ಜಾರುಬಂಡೆ, ಒಳಗೆ ಅಂಗಡಿ ಬೀದಿ. ಇನ್ನು ಮುಂದೆ ಊಟಕ್ಕೆ ಗೊತ್ತಾದ ಮೇಜಿಲ್ಲ, ಫೋನಿನಲ್ಲಿ ಒತ್ತಿದರೆ ಖಾಲಿಯಿದ್ದ ಕಡೆ ಕೂರಿಸುತ್ತಾರೆ, ವಾಚನಾಲಯದ ಜಾಗಕ್ಕೆ ಆಟದ ಯಂತ್ರಗಳು ಬರುತ್ತವೆ, ನಿಮ್ಮ ನಕ್ಷತ್ರಗಳಿಗೆ ತಕ್ಕ ಸ್ಥಾನವನ್ನು ನಮ್ಮಲ್ಲಿಯೂ ಕೊಡಲಾಗುವುದು. ಮೂಗಿಗೆ ತುಪ್ಪ ಸವರೋದು ಅಂದ್ರೆ ಇದೇ, ಎಂದರು ಜಡ್ಜ್ ಸಾಹೇಬರು ಮಧ್ಯಾಹ್ನದ ಊಟಕ್ಕೆ ಕೂತಾಗ, ಅವರ ಕೋಟಿನ ಮೇಲೆ ಇಪ್ಪತ್ತು ಯಾನ ಮುಗಿಸಿದವರಿಗೆ ಕೊಡುವ ಚಿನ್ನದ ಬಣ್ಣದ ನಕ್ಷತ್ರ, ನನ್ನ ಚಿನ್ನ ಅವರಲ್ಲಿ ನೀಲಿಯಂತೆ, ಎರಡು ಸಲ ಹೋದೋನಿಗೂ ನೀಲಿ ಕೊಡ್ತಾರಂತೆ, ಅನ್ನುತ್ತ ಅದನ್ನು ಹೆಬ್ಬೆರಳಿನಿಂದ ತಿಕ್ಕಿದರು, ಎಪ್ಪತ್ತೊಂಬತ್ತರ ಮನುಷ್ಯ, ಎಷ್ಟು ಜನಕ್ಕೆ ಶಿಕ್ಷೆ ಬರೆದವರೋ, ತಗಡಿನ ಚೂರಿಗೆ ಇಷ್ಟು ನೋವು, ಇವಳಿಗೆ ನಗು ಬರಲಿಲ್ಲ, ತನ್ನ ಕೋಟಿನ ಮೇಲೂ ಇತ್ತು ಒಂದು, ಬೆಳ್ಳಿ ಬಣ್ಣದ್ದು, ಹದಿನಾರು ಯಾನ. ನಮ್ಮನ್ನ ಒಂದು ಮಾತು ಕೇಳದೆ ನಮ್ಮನ್ನೇ ಮಾರಿದ್ರಲ್ರೀ, ಎಂದರು ಹಲ್ಲಿನ ಡಾಕ್ಟರು, ಸಂತೆಯಲ್ಲಿ ಹಸು ಮಾರಿದ ಹಾಗೆ, ಹಗ್ಗದ ಸಮೇತ.

ಇವಳಿಗೆ ಚಿಂತೆಯಾದದ್ದು ನಕ್ಷತ್ರದ್ದಲ್ಲ, ಉದ್ದಣ್ಣನದು. ಹದಿನಾರು ವರ್ಷದಿಂದ ಏಳನೇ ಮೇಜಿಗೆ ಬಡಿಸುವವನು, ನಿಜವಾದ ಹೆಸರು ಎದೆಯ ಪಟ್ಟಿಯ ಮೇಲಿದೆ, ಮೊದಲ ದಿನ ಅಷ್ಟೆತ್ತರದ ಆಳು ಬಾಗಿಲಿಗೆ ತಲೆ ತಗ್ಗಿಸಿ ಬಂದದ್ದನ್ನು ನೋಡಿ ಅಕ್ಕ, ಬಾಪ್ಪಾ ಉದ್ದಣ್ಣ, ಮೇಲಿಂದ ಕೆಳಗೆ ಬರೋದ್ರೊಳಗೆ ಸೂಪು ಆರಿಹೋಗದ ಹಾಗೆ ನೋಡ್ಕೋ ಎಂದಿದ್ದಳು, ಅವನು ನಕ್ಕಿದ್ದ, ಅಂದಿನಿಂದ ಅವನು ಉದ್ದಣ್ಣ, ಅಕ್ಕ ದೊಡ್ಡ ಮೇಡಂ, ಇವಳು ಚಿಕ್ಕ ಮೇಡಂ. ಮದುವೆಯ ಗೋಜಿಗೆ ಹೋಗದ ಇಬ್ಬರು ಅಕ್ಕತಂಗಿ, ಒಬ್ಬಳು ಅಂಚೆ ಕಚೇರಿ, ಒಬ್ಬಳು ಪ್ರೆಸ್ಸು, ವರ್ಷಕ್ಕೆ ಹತ್ತು ದಿನ ಸಮುದ್ರ, ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ, ಹಡಗಿನ ಮೆಟ್ಟಿಲ ಮೇಲೆ ಕಾಲಿಡುವಾಗ ಪ್ರತಿ ವರ್ಷ ಅಕ್ಕನದು ಅದೇ ಮಾತು, ಪ್ರತಿ ವರ್ಷ ಅವಳೇ ಮೊದಲು ನಗುವುದು, ಮತ್ತೆ ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಆಸ್ಪತ್ರೆಯಲ್ಲಿ, ಇವಳು ಕೆಳಗೆ ಕಾಫಿ ತರಲು ಹೋದ ಹತ್ತು ನಿಮಿಷದಲ್ಲಿ — ಅಲ್ಲಿಯೂ ಅವಳೇ ಮೊದಲು. ಆಮೇಲಿನ ಯಾನಕ್ಕೆ ಒಬ್ಬಳೇ ಬಂದಾಗ ಉದ್ದಣ್ಣ ಏನೂ ಕೇಳಲಿಲ್ಲ, ಎಲ್ಲ ಕಡೆಯೂ ಒಂಟಿಯವರ ಎದುರಿನ ತಟ್ಟೆ ಲೋಟ ಎತ್ತಿಕೊಂಡು ಹೋಗುತ್ತಾರಲ್ಲ, ಅವನು ಎತ್ತಲಿಲ್ಲ, ಇವಳಿಗೆ ಬಿಸಿನೀರು ಇಟ್ಟು, ದೊಡ್ಡ ಮೇಡಂ ಸೂಪಿಗೆ ಉಪ್ಪು ಜಾಸ್ತಿ ಹಾಕ್ಕೊಳ್ತಿದ್ರು, ಅಲ್ವಾ ಚಿಕ್ಕ ಮೇಡಂ, ಎಂದ, ಅಷ್ಟೇ. ದೊಡ್ಡದೊಂದು ಇದ್ದರೆ ತಾನೇ ಚಿಕ್ಕದು. ದಡದ ಮೇಲೆ ಇವಳು ಅಜ್ಜಿ, ಆಂಟಿ, ಬ್ಯಾಂಕಿನ ಸಾಲಿನಲ್ಲಿ ಹಿರಿಯ ನಾಗರಿಕರು, ಭೂಮಿಯ ಮೇಲೆ ಇವಳನ್ನು ಚಿಕ್ಕವಳೆನ್ನುವ ಬಾಯಿ ಉಳಿದದ್ದು ಅದೊಂದೇ, ಅದೂ ಭೂಮಿಯ ಮೇಲಲ್ಲ, ನೀರಿನ ಮೇಲೆ, ವರ್ಷಕ್ಕೆ ಹತ್ತು ದಿನ, ಬೇರೆ ಮೇಜುಗಳಲ್ಲಿ ಅವನಿಗೆ ಇನ್ನೆಷ್ಟು ಚಿಕ್ಕ ಮೇಡಂಗಳಿದ್ದರೋ, ಇರಲಿ, ಅದನ್ನು ಯಾಕೆ ಎಣಿಸುವುದು — ಹಸಿರು ಚೀಟಿಯವರು ಇಳಿಯಬಹುದು — ಚಹಾ ಆರಿದೆ.

ಹಾಗಾಗಿಯೇ ಆ ವಾಕ್ಯ. ಮನವಿ ಬರೆಯೋಣ ಎಂದು ಜಡ್ಜ್ ಸಾಹೇಬರು ಹೊರಟಾಗ ಇಡೀ ಹಡಗಿಗೆ ಜೀವ ಬಂದಿತ್ತು, ಊರುಗೋಲಿನವರು, ಕಿವಿಗೆ ಯಂತ್ರ ಹಾಕಿಕೊಂಡವರು ಎಲ್ಲ ವಾಚನಾಲಯಕ್ಕೆ ಬಂದು ಸಹಿ ಹಾಕಿದರು, ನೂರ ಎಂಬತ್ತೇಳು ಸಹಿ, ಕೆಲವರು ಎರಡು ಸಲ ಹಾಕಿದ್ದರು, ಇವಳೇ ಹುಡುಕಿ ಹೊಡೆದಳು, ಮನವಿ ಜಡ್ಜ್ ಸಾಹೇಬರು ಹೇಳಿದ್ದು, ಡಾಕ್ಟರ ಹೆಂಡತಿ ಬರೆದದ್ದು, ಸಹಿಗೆ ಮೊದಲು, ಕರಡಮ್ಮನವರೇ ಒಂದು ಕಣ್ಣಾಡಿಸಿ ಎಂದು ಇವಳ ಕೈಗೆ ಕೊಟ್ಟಾಗ ಹೆಸರಿಗೆ ತಕ್ಕ ಹಾಗೆ ಕಾಮಾ ಪೂರ್ಣವಿರಾಮ ಸರಿ ಮಾಡಿ, ಆಯುಷ್ಯದಲ್ಲಿ ಎಂದೂ ಮಾಡದ ಕೆಲಸವೊಂದನ್ನು ಮಾಡಿದಳು, ಬೇರೆಯವರ ಬರಹದಲ್ಲಿ ತನ್ನದೊಂದು ವಾಕ್ಯ ಸೇರಿಸಿದಳು — ನಮ್ಮನ್ನು ಬಲ್ಲ ಸಿಬ್ಬಂದಿ ಈಗಿನ ಷರತ್ತುಗಳ ಮೇಲೆ, ಈಗಿರುವ ಜಾಗದಲ್ಲಿಯೇ ಮುಂದುವರಿಯಬೇಕು, ಅವರ ವಿಷಯದಲ್ಲಿ ಯಾವ ಬದಲಾವಣೆಯನ್ನೂ ನಾವು ಒಪ್ಪುವುದಿಲ್ಲ. ವಾಹ್, ಎಂದರು ಜಡ್ಜ್ ಸಾಹೇಬರು, ಇದೇ ನೋಡಿ ಪಾಯಿಂಟು. ರಾತ್ರಿ ನಿದ್ದೆ ಚೆನ್ನಾಗಿ ಬಂತು. ಮಾರನೇ ಬೆಳಗ್ಗೆ ಮೇಲಿನ ಡೆಕ್ಕಿನಲ್ಲಿ ನಡೆಯುವಾಗ ಉದ್ದಣ್ಣ ನೀರಿನ ಲೋಟಗಳ ಟ್ರೇ ಹಿಡಿದು ಎದುರಾದ, ಬೇರೆ ಯಾರೂ ಇರಲಿಲ್ಲ, ಇವಳು ಹೊಸ ಬಟ್ಟೆ ತೋರಿಸುವ ಮಗುವಿನ ಹಾಗೆ ಹಾಳೆ ಬಿಚ್ಚಿ ಹಿಡಿದಳು, ಇದು ನಿನಗೋಸ್ಕರ ಬರ್ದಿದ್ದು, ಉದ್ದಣ್ಣ, ಈ ಸಾಲು, ಓದು. ಅವನು ಟ್ರೇ ಕೆಳಗಿಟ್ಟ, ಕೈ ಒರೆಸಿಕೊಂಡ, ಓದಿದ, ಇನ್ನೊಂದು ಸಲ ಓದಿದ, ಚಿಕ್ಕ ಮೇಡಂ, ಒಂದ್ನಿಮಿಷ ಕೂತ್ಕೊಳ್ಳಲಾ, ಎಂದ. ಪ್ರಯಾಣಿಕರ ಎದುರು ಅವರು ಕೂರುವ ಹಾಗಿಲ್ಲ, ಕೆಲಸವೇ ಹೋದೀತು, ಅಲ್ಲಿದ್ದದ್ದು ಲೈಫ್ ಜಾಕೆಟ್ಟು ತುಂಬಿದ ಬಿಳಿ ಪೆಟ್ಟಿಗೆ, ಮೊಣಕಾಲೆತ್ತರದ್ದು, ಅದರ ತುದಿಯಲ್ಲಿ ಅವನು ಕೂತ — ಕೂತ.

ಈಗಿನ ಷರತ್ತು ಅಂದ್ರೆ ಏನು ಅಂತ ಗೊತ್ತಾ ಮೇಡಂ, ಎಂದ, ಒಂಬತ್ತು ತಿಂಗಳು ಹಡಗು, ಆರು ವಾರ ಮನೆ, ಹೊಸಬರದ್ದು ನಾಲ್ಕು ತಿಂಗಳು ಹಡಗು, ಎರಡು ತಿಂಗಳು ಮನೆ, ಸುದ್ದಿ ಬಂದ ದಿನ ನಾವು ಕೆಳಗೆ ಕೇಕ್ ಕತ್ತರಿಸಿದ್ವಿ, ನೀವೆಲ್ಲ ಮೇಲೆ ಬೇಜಾರಲ್ಲಿದ್ರಿ, ಅದಕ್ಕೇ ಸದ್ದು ಮಾಡಲಿಲ್ಲ. ಮಗಳಿಗೆ ಆರು ವರ್ಷ, ಎಂದ, ಫೋನ್ ಮಾಡಿದ್ರೆ ಅಮ್ಮಾ ಹಡಗು ಫೋನ್ ಮಾಡಿದೆ ಅಂತ ಕೂಗ್ತಾಳೆ, ಅಪ್ಪ ಅನ್ನಲ್ಲ, ಹಡಗು, ಹೋಗುವಾಗೆಲ್ಲ ಶೂ ತಗೊಂಡು ಹೋಗ್ತೀನಿ, ಪ್ರತಿ ಸಲ ಚಿಕ್ಕದಾಗಿರುತ್ತೆ. ಧ್ವನಿಯಲ್ಲಿ ದೂರಿರಲಿಲ್ಲ, ಇವತ್ತಿನ ಸೂಪು ಯಾವುದು ಎಂದು ಹೇಳುವ ಅದೇ ಧ್ವನಿ, ಅದೇ ಇವಳ ಎದೆಗೆ ಚುಚ್ಚಿತು, ಹದಿನಾರು ವರ್ಷ, ಇವಳಿಗೆ ಎಷ್ಟು ಬಿಸಿಯ ನೀರು ಬೇಕೆಂದು ಅವನಿಗೆ ಗೊತ್ತು, ಅವನಿಗೆ ಮಗಳಿದ್ದಾಳೆಂದು ಇವಳಿಗೆ ಗೊತ್ತಿಲ್ಲ, ಇವಳೂ ಕೇಳಲಿಲ್ಲ, ಅಕ್ಕನೂ ಕೇಳಲಿಲ್ಲ, ಅಷ್ಟು ಮಾತಾಡುತ್ತಿದ್ದ ಅಕ್ಕನೂ. ಮುಂದಿನ ವರ್ಷ ನೀನು ಇಲ್ಲೇ ಇರ್ತೀಯಾ, ಎಂದು ಕೇಳಿದಳು, ಎಂಥ ಪ್ರಶ್ನೆ, ಆ ಹೊತ್ತಿಗೂ ತನ್ನದೇ ಪ್ರಶ್ನೆ. ಇಲ್ಲ ಮೇಡಂ, ನನ್ನನ್ನ ದೊಡ್ಡ ಹಡಗಿಗೆ ಹಾಕಿದ್ದಾರೆ, ಅಲ್ಲಿ ನನ್ನ ಪಾಲಿಗೆ ಮೇಜು ಅಂತ ಇರಲ್ಲ, ಇಡೀ ಒಂದು ಸಾಲು, ಎಂದ, ನೀವೂ ಅಲ್ಲಿಗೆ ಬನ್ನಿ ಅನ್ನಬಹುದಿತ್ತು, ಅನ್ನಲಿಲ್ಲ, ಸುಳ್ಳು ಹೇಳುವವನಲ್ಲ ಅವನು. ಎದ್ದ, ಟ್ರೇ ಎತ್ತಿಕೊಂಡ, ನೀವು ಒಳ್ಳೇದಕ್ಕೇ ಬರ್ದಿದ್ದೀರಿ ಅಂತ ಗೊತ್ತು ಚಿಕ್ಕ ಮೇಡಂ, ಎಂದು ಹೊರಟುಹೋದ.

ಕೋಣೆಗೆ ಬಂದು ಕೆಂಪು ಪೆನ್ನು ತೆಗೆದಳು. ಸಹಿ ಬಿದ್ದ ಕಾಗದ, ಮುಟ್ಟಬಾರದು, ಮೂವತ್ತನಾಲ್ಕು ವರ್ಷದಲ್ಲಿ ಲೇಖಕರ ಒಂದು ಪದವನ್ನು ತನ್ನಿಷ್ಟಕ್ಕೆ ಬದಲಿಸಿದವಳಲ್ಲ, ಆದರೆ ಇದು ತನ್ನದೇ ವಾಕ್ಯ, ಅದು ಹೋದರೆ ಅವನು ಹೋಗುತ್ತಾನೆ, ಉಳಿದರೂ ಹೋಗುತ್ತಾನೇನೋ, ಈ ಹಾಳೆಯನ್ನು ಯಾರು ಓದುತ್ತಾರೆ, ಆದರೂ ಯಾವುದೋ ಕಚೇರಿಯಲ್ಲಿ ಯಾರೋ ಒಬ್ಬ, ನೋಡಿ, ಪ್ರಯಾಣಿಕರೇ ಒಂಬತ್ತು ತಿಂಗಳು ಬೇಕು ಅಂತಾರೆ, ಎಂದು ಬೆರಳಿಟ್ಟು ತೋರಿಸಿದರೆ, ಆ ಬೆರಳಿನ ಕೆಳಗೆ ತನ್ನ ಅಕ್ಷರ ಇರಬಾರದು — ಉದ್ದಕ್ಕೂ ಗೆರೆ ಎಳೆದು, ತುದಿಗೆ ತೆಗೆದುಹಾಕಿ ಎನ್ನುವ ಸುರುಳಿ ಗುರುತು ಹಾಕಿ, ಅಂಚಿನಲ್ಲಿ ತನ್ನ ಸಹಿ ಮಾಡಿದಳು. ನೇರವಾಗಿ ಕ್ಯಾಪ್ಟನ್ ಹತ್ತಿರ ಹೋದಳು, ಮೇಜಿನವರನ್ನು ಕೇಳಿದರೆ ಬಿಡುವುದಿಲ್ಲವೆಂದು ಗೊತ್ತಿತ್ತು, ಕ್ಯಾಪ್ಟನ್ ಎರಡೂ ಕೈಯಿಂದ ತಗೊಂಡರು, ಕಳಿಸ್ತೀವಿ ಮೇಡಂ, ನಾನೂ ಮುಂದಿನ ತಿಂಗಳು ಇಳೀತೀನಿ, ಎಂದು ನಕ್ಕು ಡ್ರಾಯರಿನಲ್ಲಿಟ್ಟರು. ಊಟದ ಹೊತ್ತಿಗೆ ಇವಳೇ ಹೇಳಿದಳು. ಜಡ್ಜ್ ಸಾಹೇಬರು ಚಮಚ ಕೆಳಗಿಟ್ಟರು, ನೂರ ಎಂಬತ್ತೇಳು ಜನ ನಂಬಿ ಕೊಟ್ಟಿದ್ದು ಕರಡಮ್ಮನವರೇ, ಸಹಿ ಆದಮೇಲೆ ಅಕ್ಷರ ಮುಟ್ಟೋದಕ್ಕೆ ಏನಂತಾರೆ ಗೊತ್ತಾ, ಎಂದರು, ಗೊತ್ತು ಸಾರ್, ಆ ವಾಕ್ಯ ನಂದು, ನಾನೇ ಬರ್ದೆ, ನಾನೇ ಹೊಡೆದೆ, ಎಂದಳು, ಸಿಬ್ಬಂದಿಯವರಿಗೆ ಮನೆಗೆ ಹೋಗಬೇಕಂತೆ. ನಮಗೆ ಮಾತ್ರ ಇದೇ ಮನೆ ಆಗಿತ್ತಲ್ಲ, ಎಂದರು ಡಾಕ್ಟರ ಹೆಂಡತಿ, ಕಣ್ಣಲ್ಲಿ ನೀರಿತ್ತು, ಅದೂ ಸುಳ್ಳಲ್ಲ. ಆಮೇಲೆ ಎರಡು ದಿನ ಅದೇ ಮೇಜು, ಉಪ್ಪಿನ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿತ್ತು, ಜೊತೆಗೊಂದು ಮಾತು ಹೋಗುತ್ತಿರಲಿಲ್ಲ, ಬೇರೊಂದು ಚಿಕ್ಕ ಹಡಗಿದೆಯಂತೆ, ಮುಂದಿನ ವರ್ಷಕ್ಕೆ ಅಲ್ಲಿ ಜಾಗ ಹಿಡಿಯುತ್ತಾರಂತೆ, ನಾವು ಮೂವರು, ಎಂದು ಡಾಕ್ಟರು ಮೆಲ್ಲಗೆ ಹೇಳಿದ್ದು ಕೇಳಿಸಿತು. ಉದ್ದಣ್ಣ ಎಂದಿನಂತೆ ಬಾಗಿ ಬಡಿಸಿದ, ಚಿಕ್ಕ ಮೇಡಂ, ಬಿಸಿನೀರು, ಮಗಳ ಹೆಸರೇನು ಎಂದು ಕೇಳಬೇಕೆಂದು ಬಾಯಿ ತೆರೆದಳು, ಎಲ್ಲರೂ ಇದ್ದರು, ಮುಚ್ಚಿದಳು, ನಾಳೆ ಕೇಳೋಣ ಎಂದುಕೊಂಡಳು, ಈ ಬೆಳಗ್ಗೆ ತಿಂಡಿಗೆ ಬೇರೆ ಯಾರೋ ಇದ್ದರು, ಅವನನ್ನು ಸಾಮಾನು ಇಳಿಸಲು ಕೆಳಗೆ ಕಳಿಸಿದ್ದಾರಂತೆ.

ನೇರಳೆ ಚೀಟಿಯವರು ಇಳಿಯಬಹುದು — ಸೋಫಾ ಖಾಲಿಯಾಗಿದೆ, ಯಾವಾಗ ಹೋದರೋ, ತಿರುಗಿ ನೋಡಿದರೋ ಇಲ್ಲವೋ, ಏಳಬೇಕು, ಚೀಲ ತಗೋಬೇಕು, ಮೂರು ಮಹಡಿ ಹತ್ತಬೇಕು, ಟವೆಲು ತೆಗೆದು ಫ್ರಿಜ್ಜಿನ ಬಾಗಿಲು ಹಾಕಬೇಕು, ಮೇಡಂ, ನಿಮ್ಮ ಬಣ್ಣ ಕರೆದಾಯ್ತು, ಎನ್ನುತ್ತಿದ್ದಾರೆ ಯಾರೋ ಸಮವಸ್ತ್ರದವರು, ಬರೀ ಮೇಡಂ, ಹೌದು ಬಂದೆ, ಬಂದೆ ಅನ್ನುತ್ತಾಳೆ, ಕಾಲು ಏಳುತ್ತಿಲ್ಲ, ಅಷ್ಟೆತ್ತರದವನು, ಯಾವಾಗಲೂ ಮೇಲಿನಿಂದಲೇ ಬರುತ್ತಿದ್ದ ಮುಖ, ಅವನು ಕೂತಾಗ ಇವಳು ನಿಂತಿದ್ದಳು, ಪೆಟ್ಟಿಗೆ ತಗ್ಗು, ಮೊಣಕಾಲು ಎದೆಯ ಹತ್ತಿರ ಬಂದಿದ್ದವು, ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡಿದ್ದ, ಫೋಟೋ ತೆಗೆಸಿಕೊಳ್ಳಲು ಕೂತವರ ಹಾಗೆ, ತಲೆ ಬಗ್ಗಿಸಿಕೊಂಡಿದ್ದ, ಆಗ ಕಂಡದ್ದು, ನೆತ್ತಿಯ ನಡುವೆ ಕೂದಲು ತೆಳುವಾದ ದುಂಡು ಜಾಗ, ಅಂಗೈಯಷ್ಟಗಲ, ಹದಿನಾರು ವರ್ಷದಲ್ಲಿ ಯಾವಾಗ ಉದುರಿತೋ, ಅದರ ಮೇಲೆ ಬಿಸಿಲು, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಚಾಚಲಿಲ್ಲ, ಆ ನೆತ್ತಿ, ಬಿಸಿಲು, ಅವನು ಕೂತಿದ್ದಾನೆ, ಕೂತಿದ್ದಾನೆ